ದವನದ ಹುಣ್ಣಿಮೆಯ ಚಕ್ಕಡಿ ಪಯಣ

ಘಟಪ್ರಭೆಯ ಬಡಗಣ ದಂಡೆಯ ಅನಗವಾಡಿಯ ಸೀಮೆಯವರು ಮೋಟಾರು ಬರುವ ಮುನ್ನ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿ ಹೋಗುತ್ತಿದ್ದರು. ಅಲ್ಲಿಯ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಹೇಳುವರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಚಳಿಗಾಲದವು. ಚೈತ್ರದ ದವನದ ಹುಣ್ಣಿಮೆಯ ಪಯಣಕ್ಕೆ ಮಾತ್ರ ಮುಂದಾಲೋಚನೆ ಹೆಚ್ಚು ಬೇಕಾಗುತ್ತಿತ್ತು. ರಾಶಿ ಮುಗಿದು ಎತ್ತುಗಳಿಗೆ ಬಿಡುವು, ಹೊಳೆಯೂ ಇಳಿದು ಹಾಯಲು ಸುಲಭ. ಆದರೆ ದಾರಿಯ ಹಳ್ಳಗಳೆಲ್ಲ ಬತ್ತಿರುವ ಕಾಲವದು. ಆದುದರಿಂದ ನೀರುಳ್ಳ ಬಾವಿಗಳನ್ನು ಎಣಿಸಿಯೇ ಬೀಡಿನ ಸ್ಥಳ ನಿಶ್ಚಯಿಸಬೇಕು. ಚಕ್ಕಡಿಯಲ್ಲಿ ಕಣಿಕಿಯ ಸಿವುಡು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಇವುಗಳ ನಡುವೆ ಹೇಗೋ ಮಕ್ಕಳು! ಹಗಲಿಗೆ ಮರದ ನೆರಳು, ಇರುಳಿಗೆ ಬೆಳುದಿಂಗಳ ದಾರಿ. ಜಾತ್ರೆಗಳಲ್ಲಿ ವಾಂತಿಭೇದಿ ಹಬ್ಬುತ್ತಿದ್ದ ಆ ದಿನಗಳಲ್ಲಿ ಒಂದು ಕೆಟ್ಟ ಬಾವಿಯ ನೀರು ಮನೆತನವನ್ನೇ ಬರಿದು ಮಾಡಬಹುದಾಗಿತ್ತು. ಸೇತುವೆಯಾದ ಮೇಲೆ ಹೊಳೆ ಹಾಯುವ ಮಾತು ಉಳಿಯಲಿಲ್ಲ. ಆ ದಂಡೆಗೆ ಈಗ ಆಲಮಟ್ಟಿಯ ಹಿನ್ನೀರು ಬರುತ್ತದೆ.