ಧಾರಾವಿಯ ನಲ್ಲಿ ಸರದಿ, ಒಂದು ಆ್ಯಪ್ ಸ್ಪರ್ಧೆ

ಭಾರತದಲ್ಲಿ ಕಂಪ್ಯೂಟರಿನ ಚರಿತ್ರೆ ಬರೆಯುವವರು ಮುಂಬೈಯನ್ನು ಬಿಟ್ಟು ಬರೆಯಲಾರರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತಾನೇ ಕಟ್ಟಿದ ಟಿಫ್ರಾಕ್ ಯಂತ್ರ ಇಲ್ಲಿ 1960ರಲ್ಲಿ ಕೆಲಸ ಶುರು ಮಾಡಿತು. ಪೊವಾಯಿಯ ಐಐಟಿ ಸ್ಥಾಪನೆಯಾದದ್ದು 1958ರಲ್ಲಿ. ಮಾಟುಂಗದ ವಿಜೆಟಿಐ ಅಂತೂ ಧಾರಾವಿಯಿಂದ ನಡೆದೇ ಹೋಗುವಷ್ಟು ಹತ್ತಿರ. ಆದರೂ ಧಾರಾವಿಯ ಹುಡುಗಿಯರ ಕೈಗೆ ಪ್ರೋಗ್ರಾಮಿಂಗ್ ಸಿಕ್ಕಿದ್ದು ಈ ಮೂರರಿಂದಲ್ಲ, ಒಬ್ಬ ಸಾಕ್ಷ್ಯಚಿತ್ರಕಾರನಿಂದ.

ನವನೀತ್ ರಂಜನ್ ಧಾರಾವಿಯ ಬಗ್ಗೆ ಚಿತ್ರ ಮಾಡಲು ಬಂದವರು. ಆಮೇಲೆ 'ಧಾರಾವಿ ಡೈರಿ' ಎಂಬ ಹೆಸರಿನಲ್ಲಿ ಅಲ್ಲಿನ ಹುಡುಗಿಯರಿಗೆ ಕಂಪ್ಯೂಟರ್ ಕಲಿಸತೊಡಗಿದರು. 2014ರ ಸುಮಾರಿಗೆ ಆ ಹುಡುಗಿಯರು ಟೆಕ್ನೋವೇಷನ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯ ಪಾಠಗಳಿಗೆ ಕೂತರು.

ಆ ಸ್ಪರ್ಧೆಯ ಸ್ವಭಾವವನ್ನು ಸ್ವಲ್ಪ ನೋಡಬೇಕು. ವಿದ್ಯಾರ್ಥಿಗಳ ಹಳೆಯ ಪ್ರೋಗ್ರಾಮಿಂಗ್ ಪಂದ್ಯ ಐಸಿಪಿಸಿಯ ಬೇರು 1970ರ ಟೆಕ್ಸಾಸ್‌ನಲ್ಲಿದೆ. ಅಲ್ಲಿ ಪ್ರಶ್ನೆ ತೀರ್ಪುಗಾರರದು, ವಿದ್ಯಾರ್ಥಿ ಗಡಿಯಾರ ನೋಡುತ್ತ ಬಿಡಿಸಬೇಕು. ಎಸಿಎಂ ನಡೆಸುವ ವಿದ್ಯಾರ್ಥಿ ಸಂಶೋಧನಾ ಸ್ಪರ್ಧೆಯಲ್ಲಿ ಪ್ರಶ್ನೆ ವಿದ್ಯಾರ್ಥಿಯದೇ. ಅವರು ಸಮ್ಮೇಳನದಲ್ಲಿ ಪೋಸ್ಟರ್ ಹಚ್ಚಿ, ಬಂದವರಿಗೆ ವಿವರಿಸಿ, ಆಯ್ಕೆಯಾದರೆ ಭಾಷಣ ಮಾಡುತ್ತಾರೆ. ಆದರೆ ಅಲ್ಲಿಗೆ ಹೋಗಲು ಕಾಲೇಜು ಬೇಕು, ಮಾರ್ಗದರ್ಶಕರೂ ಇದ್ದರೆ ಒಳ್ಳೆಯದು. ಟೆಕ್ನೋವೇಷನ್ ಶಾಲಾ ಹುಡುಗಿಯರಿಗೆ ಹೇಳಿದ್ದು ಇಷ್ಟೇ: ನಿಮ್ಮ ಕೇರಿಯ ಒಂದು ತೊಂದರೆ ಹುಡುಕಿ, ಅದಕ್ಕೊಂದು ಆ್ಯಪ್ ಮಾಡಿ. ಸಾಧನವೂ ಸುಲಭದ್ದೇ. ಎಂಐಟಿಯ ಆ್ಯಪ್ ಇನ್ವೆಂಟರ್‌ನಲ್ಲಿ ಸಾಲುಸಾಲು ಕೋಡ್ ಟೈಪ್ ಮಾಡಬೇಕಿಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತ ಹೋದರಾಯಿತು.

ತೊಂದರೆ ಹುಡುಕಲು ಧಾರಾವಿಯವರು ದೂರ ಹೋಗಬೇಕಿರಲಿಲ್ಲ. ಬೀದಿಯಲ್ಲಿ ಕಾಡುವವರಿಗಾಗಿ 'ವಿಮೆನ್ ಫೈಟ್ ಬ್ಯಾಕ್' ಮಾಡಿದರು. ಅಪಾಯದ ಗಂಟೆ ಬಾರಿಸುವುದು, ತಾನಿರುವ ಜಾಗವನ್ನು ಗೊತ್ತಿದ್ದವರಿಗೆ ಕಳಿಸುವುದು ಅದರ ಕೆಲಸ. ಶಾಲೆ ತಪ್ಪಿದವರಿಗೆ 'ಪಢಾಯಿ'. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮೂರನೆಯದು, 'ಪಾನಿ'. ಸಾರ್ವಜನಿಕ ನಲ್ಲಿಯ ಸರದಿಯನ್ನು ಅದು ಫೋನಿಗೆ ತಂದಿತು. ತಮ್ಮ ಪಾಳಿ ಬಂದಾಗ ಮನೆಗೆ ಸೂಚನೆ ಹೋಗುತ್ತದೆ, ಅಲ್ಲಿಯವರೆಗೆ ಹುಡುಗಿ ಕಾಯಬೇಕಿಲ್ಲ.

ಕಂಪ್ಯೂಟರ್ ವಿಜ್ಞಾನದ ಮೊದಲ ವರ್ಷದಲ್ಲೇ 'ಕ್ಯೂ' ಪಾಠ ಬರುತ್ತದೆ: ಮೊದಲು ಬಂದವರು ಮೊದಲು ಹೊರಗೆ. ಕೊಡ ಇಟ್ಟು ಪಾಳಿ ಹಿಡಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಯಾರದೋ ಕೊಡ ಹಿಂದೆ ಸರಿಯುವುದು, ಪಾಳಿ ಬರುವಷ್ಟರಲ್ಲಿ ನೀರೇ ನಿಲ್ಲುವುದು, ನೀರು ತುಂಬಿಸಿ ಬರುವಾಗ ಶಾಲೆಯ ಮೊದಲ ಗಂಟೆ ಮುಗಿದಿರುವುದು, ಇವು ಪಠ್ಯದಲ್ಲಿಲ್ಲ. ಸಂಶೋಧನೆ ಎಂಬ ಮಾತನ್ನು ಇದಕ್ಕೆ ಬಳಸಲು ನನಗೆ ಸಂಕೋಚವಿಲ್ಲ.

ಪತ್ರಿಕೆಗಳು ಇದನ್ನು ಕೊಳೆಗೇರಿಯ ಪವಾಡವೆಂದು ಬರೆದವು. ಆ ಧಾಟಿ ನನಗೆ ಹಿಡಿಸುವುದಿಲ್ಲ. ಆ್ಯಪ್ ಸರದಿಯನ್ನು ನೇರ್ಪಡಿಸೀತು, ನಲ್ಲಿಗೆ ಒಂದು ಹನಿಯನ್ನೂ ಸೇರಿಸದು. ಅದೇ 2014ರ ಡಿಸೆಂಬರಿನಲ್ಲಿ ನೀರಿನ ಪ್ರಶ್ನೆ ಇನ್ನೊಂದು ಕಡೆ ಏರಿತ್ತು. ಪಾನಿ ಹಕ್ ಸಮಿತಿಯ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್, 2000ದ ನಂತರ ಎದ್ದ ಅನಧಿಕೃತ ಕೊಳೆಗೇರಿಯ ಜನರಿಗೂ ಕುಡಿಯುವ ನೀರನ್ನು ನಿರಾಕರಿಸುವಂತಿಲ್ಲ ಎಂದಿತು. ಹೇಗೆ ಕೊಡುವುದೆಂಬ ನೀತಿ ರೂಪಿಸುವಂತೆ ಮುಂಬೈ ಪಾಲಿಕೆಗೆ ಹೇಳಿತು.