ಮಗುವನ್ನು ಕೇಳಿದವರಾರು?

ಮಗುವಿಗಾಗಿ ಕೋರ್ಟಿಗೆ ಹೋಗುವ ತಂದೆತಾಯಿಗಳು ಮೊದಲು ಮಾಡುವ ಕೆಲಸವೆಂದರೆ ಕಾಗದಪತ್ರ ಹುಡುಕುವುದು. ನಾನೂ ಅದನ್ನೇ ಮಾಡಿದೆ. ನನ್ನ ಮಗಳು ಯಾರ ಬಳಿ ಇರಬೇಕೆಂಬುದನ್ನು ಕುಟುಂಬ ನ್ಯಾಯಾಲಯ ಬರುವ ತಿಂಗಳು ವಿಚಾರಿಸಲಿದೆ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಬರೆಯುವುದೇನು ಕಷ್ಟ? ಒಂದೇ ರಾತ್ರಿಯಲ್ಲಿ ಹನ್ನೊಂದು ಪುಟ ಬರೆದು ನಮ್ಮ ವಕೀಲರ ಮುಂದಿಟ್ಟೆ. ಆಕೆ ಓದಿ ಮುಗಿಸಿ, ಕನ್ನಡಕ ತೆಗೆದು, "ಕನ್ನಡ ಚೆನ್ನಾಗಿದೆ ಮೇಷ್ಟ್ರೇ. ನಿಮ್ಮ ಮನೆಯವರ ತಪ್ಪೆಲ್ಲ ಇದೆ, ನಿಮ್ಮ ಗುಣವೆಲ್ಲ ಇದೆ. ಇದರಲ್ಲಿ ಮಗು ಎಲ್ಲಿದೆ?" ಎಂದರು.

ಉತ್ತರ ತೋಚದೆ ಮನೆಗೆ ಬಂದವನು, ಬಲ್ಲವರ ಕಥೆಯಲ್ಲಾದರೂ ಅದು ಸಿಕ್ಕೀತೆಂದು ಹಳೆಯ ಎರಡು ಮೊಕದ್ದಮೆಗಳನ್ನು ತೆರೆದು ಕುಳಿತೆ. ಎರಡರಲ್ಲಿಯೂ ನಿಂತು ವಾದಿಸಿದವರು ಒಬ್ಬರೇ, ಅನಿ ಬೆಸೆಂಟ್. ಹೋಂ ರೂಲ್ ಚಳವಳಿಯ ನಾಯಕಿಯೆಂದು ನಾವು ಬಲ್ಲ ಈಕೆ ಒಮ್ಮೆ ಮಗಳನ್ನು ಕಳೆದುಕೊಂಡ ತಾಯಿ. ಇನ್ನೊಮ್ಮೆ ಪರರ ಮಕ್ಕಳನ್ನು ಬಿಟ್ಟುಕೊಡಲೊಲ್ಲದ ಪ್ರತಿವಾದಿ.

ಮೊದಲನೆಯದು ಇಂಗ್ಲೆಂಡಿನ ಸಂಗತಿ. ಪಾದ್ರಿಯಾಗಿದ್ದ ಗಂಡ ಫ್ರಾಂಕ್ ಬೆಸೆಂಟರಿಂದ ಆಕೆ 1873ರಲ್ಲಿ ಬೇರೆಯಾದರು. ಮಗ ಡಿಗ್ಬಿ ತಂದೆಗೆ, ಮಗಳು ಮೇಬಲ್ ತಾಯಿಗೆ ಎಂದು ಒಪ್ಪಂದಪತ್ರವಾಯಿತು. ಆದರೆ ತಾಯಿ ನಾಸ್ತಿಕವಾದವನ್ನು ಬಹಿರಂಗವಾಗಿ ಬೋಧಿಸತೊಡಗಿದರು. 1877ರಲ್ಲಿ ಚಾರ್ಲ್ಸ್ ಬ್ರಾಡ್ಲಾರೊಡನೆ ಸಂತಾನ ನಿಯಂತ್ರಣದ ಒಂದು ಕಿರುಪುಸ್ತಕವನ್ನು ಅಚ್ಚು ಹಾಕಿಸಿದರು. ಇವೆರಡನ್ನೂ ಹಿಡಿದು ಗಂಡ ಅರ್ಜಿ ಹಾಕಿದರು. 1878ರಲ್ಲಿ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲರ ಮುಂದೆ ಆಕೆ ವಕೀಲರಿಲ್ಲದೆ ತಾವೇ ವಾದಿಸಿದರು. ಮಗುವನ್ನು ತಾಯಿ ಅಕ್ಕರೆಯಿಂದ ನೋಡಿಕೊಂಡಿದ್ದಾಳೆಂದು ನ್ಯಾಯಾಧೀಶರೇ ಒಪ್ಪಿದರು. ಆದರೂ ಒಪ್ಪಂದಪತ್ರ ನಿಲ್ಲಲಿಲ್ಲ. ಅಂಥ ಒಪ್ಪಂದ ಮಗುವಿನ ಹಿತಕ್ಕೆ ವಿರುದ್ಧವೆಂದು ಕಂಡರೆ ಜಾರಿ ಮಾಡಬೇಕಿಲ್ಲವೆಂದು 1873ರ ಕಾಯಿದೆಯೇ ಹೇಳಿತ್ತು. ಹಿತವೆಂದರೇನೆಂದು ನಿರ್ಣಯಿಸುವವರು ನ್ಯಾಯಾಧೀಶರು. ಏಳು ವರ್ಷದ ಮೇಬಲ್ ತಂದೆಯ ಕಡೆಗೆ ಹೋದಳು. 1879ರ ಅಪೀಲಿನಲ್ಲಿಯೂ ಆ ತೀರ್ಪು ಬದಲಾಗಲಿಲ್ಲ.

ಇನ್ನು ಎರಡನೆಯದು ಮದರಾಸಿನದು. ಮದನಪಲ್ಲಿಯ ಕಡೆಯ ನಿವೃತ್ತ ತಹಸೀಲ್ದಾರ ಜಿಡ್ಡು ನಾರಾಯಣಯ್ಯನವರು 1909ರಲ್ಲಿ ಮಕ್ಕಳೊಡನೆ ಅಡಯಾರಿನ ಥಿಯೊಸಾಫಿಕಲ್ ಸೊಸೈಟಿಗೆ ಬಂದರು. ಹೆಂಡತಿ ಆಗಲೇ ತೀರಿಕೊಂಡಿದ್ದರು. ಅವರ ಮಗ ಕೃಷ್ಣಮೂರ್ತಿ ಮುಂದೆ ಜಗದ್ಗುರುವಾಗುವನೆಂದು ಸೊಸೈಟಿಯವರು ನಂಬಿದರು. 1910ರಲ್ಲಿ ತಂದೆ ಸಹಿ ಹಾಕಿದ ಪತ್ರದಿಂದ ಕೃಷ್ಣಮೂರ್ತಿ, ನಿತ್ಯಾನಂದ ಇಬ್ಬರಿಗೂ ಬೆಸೆಂಟರು ಪೋಷಕರಾದರು. 1912ರಲ್ಲಿ ಹುಡುಗರನ್ನು ಇಂಗ್ಲೆಂಡಿಗೆ ಕರೆದೊಯ್ದು ಅಲ್ಲಿಯೇ ಇರಿಸಿದರು. ಲೆಡ್‌ಬೀಟರ್ ಎಂಬ ಸೊಸೈಟಿಯ ಮುಖಂಡರ ಸಹವಾಸ ತನ್ನ ಮಕ್ಕಳಿಗೆ ಬೇಡವೆಂದು ತಂದೆ ಹಟ ಹಿಡಿದು, ಅದೇ ವರ್ಷ ದಾವೆ ಹೂಡಿದರು. ಅವರ ಪರವಾಗಿ ಸಿ. ಪಿ. ರಾಮಸ್ವಾಮಿ ಅಯ್ಯರ್ ನಿಂತರು. ಬೆಸೆಂಟರು ಹಿಂದಿನಂತೆಯೇ ತಾವೇ ವಾದಿಸಿದರು.

1878ರಲ್ಲಿ ಒಪ್ಪಂದಪತ್ರ ಹಿಡಿದು ಸೋತ ಕೈ 1913ರಲ್ಲಿ ತಂದೆಯ ಪತ್ರ ಹಿಡಿದು ಮದರಾಸು ಹೈಕೋರ್ಟಿನಲ್ಲಿ ಸೋತಿತು. ನ್ಯಾಯಮೂರ್ತಿ ಬೇಕ್‌ವೆಲ್ಲರು ಮಕ್ಕಳನ್ನು ತಂದೆಗೆ ಒಪ್ಪಿಸಬೇಕೆಂದರು; ಅದೇ ವರ್ಷದ ಅಪೀಲೂ ವಜಾ ಆಯಿತು. ಆಕೆ ಲಂಡನ್ನಿನ ಪ್ರೀವಿ ಕೌನ್ಸಿಲ್ಲಿಗೆ ಹೋದರು. 1914ರ ಮೇ ತಿಂಗಳಲ್ಲಿ ಲಾರ್ಡ್ ಪಾರ್ಕರ್ ಓದಿದ ತೀರ್ಪು ನನ್ನ ಕಣ್ಣು ತೆರೆಸಿತು. ತಂದೆಯ ಪೋಷಕತ್ವ ಒಂದು ಪವಿತ್ರ ಹೊಣೆ, ಅದನ್ನು ಬರೆದುಕೊಟ್ಟು ಕೈತೊಳೆದುಕೊಳ್ಳಲಾಗದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂದು ಅದು ತಂದೆಯ ಮಾತನ್ನೇ ಹಿಡಿಯಿತು. ಆದರೂ ಗೆಲುವು ಬೆಸೆಂಟರದಾಯಿತು. ದಾವೆ ಸರಿಯಾದ ಕ್ರಮದಲ್ಲಿ ಬಂದಿರಲಿಲ್ಲ; ಹುಡುಗರು ಇದ್ದುದು ಇಂಗ್ಲೆಂಡಿನಲ್ಲಿ; ಎಲ್ಲಕ್ಕಿಂತ ಮಿಗಿಲಾಗಿ, ಅವರ ಇಷ್ಟವೇನೆಂದು ತಿಳಿಯದೆ ಅವರನ್ನು ಕಡಲು ದಾಟಿಸಿ ತರಿಸುವ ಆಜ್ಞೆ ಸಲ್ಲದು ಎಂದು ಕೌನ್ಸಿಲ್ ಹೇಳಿತು.

ಅಷ್ಟು ಕೋರ್ಟುಗಳನ್ನು ಹತ್ತಿಳಿದ ಮೇಲೆ ಹುಡುಗರ ಇಷ್ಟದ ಮಾತು ಬಂದಿತು! ಮಕ್ಕಳಾದರೂ ತೀರ್ಪಿನ ಹಾದಿಯಲ್ಲೇ ನಡೆದರೆ? ಮೇಬಲ್ ಮತ್ತು ಡಿಗ್ಬಿ ಇಬ್ಬರೂ ತಮ್ಮ ಸ್ವಂತ ನಿರ್ಧಾರಕ್ಕೆ ವಯಸ್ಸು ಬಂದೊಡನೆ ತಾಯಿಯ ಬಳಿಗೆ ಮರಳಿದರು. ಕೃಷ್ಣಮೂರ್ತಿ 1929ರಲ್ಲಿ ತನಗೆಂದೇ ಕಟ್ಟಿದ್ದ ಸಂಘವನ್ನು ವಿಸರ್ಜಿಸಿ, ಜಗದ್ಗುರುವಿನ ಪಟ್ಟವನ್ನು ಬೇಡವೆಂದರು. ದೊಡ್ಡವರು ಗೆದ್ದದ್ದು, ಸೋತದ್ದು ಕೆಲವು ವರ್ಷಗಳನ್ನು ಮಾತ್ರ.

ನಮ್ಮಲ್ಲಿ 1890ರ ಪೋಷಕರು ಮತ್ತು ಪಾಲಿತರ ಕಾಯಿದೆಯೇ, ತಿಳಿವಳಿಕೆಯ ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಲಯ ಗಮನಿಸಬಹುದೆಂದಿದೆ. 1956ರ ಹಿಂದೂ ಕಾಯಿದೆ ಮಗುವಿನ ಕ್ಷೇಮವೇ ಪರಮವೆಂದಿತು. ಮಕ್ಕಳು ತಂದೆತಾಯಿಗಳ ಸ್ವತ್ತಲ್ಲ, ಆಟದ ಬೊಂಬೆಯೂ ಅಲ್ಲವೆಂದು 1973ರಲ್ಲಿ ಸುಪ್ರೀಂ ಕೋರ್ಟು ಸಾರಿತು. ಕಾನೂನು ಕಲಿತಿದೆ, ಕಲಿಯಬೇಕಾದವರು ನಾವು.

ಹನ್ನೊಂದು ಪುಟವನ್ನು ಹರಿದು ಹಾಕಿ ಮತ್ತೆ ಬರೆದೆ. ಮಗಳು ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾವ ಲೆಕ್ಕಕ್ಕೆ ಅಳುತ್ತಾಳೆ, ಜ್ವರ ಬಂದಾಗ ಯಾರನ್ನು ಕೂಗುತ್ತಾಳೆ. ಕೊನೆಯದನ್ನು ಬರೆಯುವಾಗ ಕೈ ತಡೆಯಿತು. ಅವಳು ಕೂಗುವುದು ಅಮ್ಮನನ್ನು. ಅದನ್ನೂ ಬರೆದೆ. ಎಲ್ಲ ಸೇರಿ ಮೂರು ಪುಟವಾಯಿತು.