ಓ-ಯು-ಜಿ-ಎಚ್: ಆಂಗ್ಲ ಭಾಷೆಯ ಒಂದು ಅಕ್ಷರಪಂಕ್ತಿ

ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಕೂಡಿ ಬರುವ ಆಂಗ್ಲ ಪದಗಳು ಲಿಪಿಯಲ್ಲಿ ಸಮಾನವಾಗಿದ್ದರೂ ಉಚ್ಚಾರಣೆಯಲ್ಲಿ ಪರಸ್ಪರ ಭಿನ್ನವಾಗಿರುವುದರಿಂದ, ಬರೆದಂತೆಯೇ ಓದುವ ಕನ್ನಡದಲ್ಲಿ ಅಕ್ಷರಾಭ್ಯಾಸ ಮಾಡಿದವರಿಗೆ ಅವು ವಿಶೇಷ ಕ್ಲೇಶವನ್ನುಂಟುಮಾಡುತ್ತವೆ. ‘ಆದರೂ’ ಎಂಬರ್ಥದ ಪದ ‘ದೋ’ ಎಂದೂ, ‘ಮೂಲಕ’ ಎಂಬರ್ಥದ್ದು ‘ಥ್ರೂ’ ಎಂದೂ, ಗಡುಸಾದುದು ‘ಟಫ್’ ಎಂದೂ, ಕೆಮ್ಮು ‘ಕಾಫ್’ ಎಂದೂ, ನೇಗಿಲು ‘ಪ್ಲೌ’ ಎಂದೂ ನುಡಿಯಲ್ಪಡುತ್ತವೆ. ಇದನ್ನು ಸ್ವೇಚ್ಛಾಚಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ; ಲುಪ್ತವಾದ ಒಂದು ಧ್ವನಿಯ ಚರಿತ್ರೆ ಈ ಬರಹದಲ್ಲಿ ಉಳಿದುಬಂದಿದೆ.

ಆ ಧ್ವನಿ ನಮ್ಮ ವೈಯಾಕರಣರಿಗೆ ಅಪರಿಚಿತವಾದುದಲ್ಲ. ‘ಅಂತಃಕರಣ’ ಎಂಬಲ್ಲಿ ಕಕಾರಕ್ಕೆ ಮುನ್ನ ಬರುವ ವಿಸರ್ಗಕ್ಕೆ ಶಾಸ್ತ್ರವು ವಿಧಿಸಿರುವ, ನಾಲಗೆಯ ಬುಡದಲ್ಲಿ ಹುಟ್ಟುವ ಜಿಹ್ವಾಮೂಲೀಯಕ್ಕೆ ತೀರ ಸಮೀಪವಾದ ಘರ್ಷಧ್ವನಿ ಪೂರ್ವದ ಆಂಗ್ಲರ ಬಾಯಲ್ಲಿ ಸಹಜವಾಗಿತ್ತು. 1066ರ ನಾರ್ಮನ್ ವಿಜಯದ ತರುವಾಯದ ಶತಮಾನಗಳಲ್ಲಿ ಲಿಪಿಕಾರರು ಅದನ್ನು ಜಿ-ಎಚ್ ಎಂಬ ಜೋಡಿಯಿಂದ ಬರೆಯತೊಡಗಿದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ ಬರಹವು ಕ್ರಮೇಣ ಸ್ಥಿರಗೊಳ್ಳುತ್ತ ಹೋದರೆ, ನುಡಿಯಾದರೋ ತನ್ನ ದಾರಿಯಲ್ಲೇ ಮುಂದುವರಿದು, ಆ ಧ್ವನಿಯನ್ನು ಕೆಲವೆಡೆ ಫಕಾರವಾಗಿ ಮಾರ್ಪಡಿಸಿ, ಉಳಿದೆಡೆ ಸಂಪೂರ್ಣವಾಗಿ ತ್ಯಜಿಸಿತು. ಇದೇ ಅವಧಿಯಲ್ಲಿ ದೀರ್ಘಸ್ವರಗಳೂ ಪಲ್ಲಟಗೊಂಡು ವೈವಿಧ್ಯ ಇಮ್ಮಡಿಸಿತು. ಕೊನೆಯಲ್ಲಿ ಟಿ ಬಂದಾಗ ಮಾತ್ರ ‘ಥಾಟ್’ (ಆಲೋಚನೆ), ‘ಬಾಟ್’ (ಕೊಂಡ) ಎಂದು ಒಂದು ನಿಯಮ ತೋರುತ್ತದೆ. ಅನಾವೃಷ್ಟಿಯ ‘ಡ್ರೌಟ್’ ಅದನ್ನೂ ಮೀರಿದೆ. ಸ್ಕಾಟ್ಲೆಂಡಿನ ನುಡಿಯಲ್ಲಿ ಮೂಲಧ್ವನಿ ಇಂದಿಗೂ ಜೀವಂತವಾಗಿದ್ದು, ಐರ್ಲೆಂಡಿನ ನೇ ಸರೋವರದ ಹೆಸರಿಗೆ ಮುನ್ನ ಬರುವ, ‘ಸರೋವರ’ ಎಂಬರ್ಥದ ಪದದಲ್ಲಿಯೂ ಕೇಳಿಬರುತ್ತದೆ.

ಅರ್ಥದ ದೃಷ್ಟಿಯಿಂದ ಅತ್ಯಂತ ರಮಣೀಯವಾದುದು, ಮರದ ದೊಡ್ಡ ಕೊಂಬೆಯನ್ನು ಹೇಳುವ ‘ಬೌ’. ಪ್ರಾಚೀನ ಆಂಗ್ಲದಲ್ಲಿ ಇದು ಹೆಗಲನ್ನೂ ತೋಳನ್ನೂ ಸೂಚಿಸುತ್ತಿದ್ದಿತು. ಸಂಸ್ಕೃತದ ‘ಬಾಹು’ವಿಗೆ ಇದು ಸಾಕ್ಷಾತ್ ಸೋದರಪದ. ಹಾಗೆಯೇ ನಾದಿದ ಹಿಟ್ಟನ್ನು ಹೇಳುವ ‘ಡೋ’ ಎಂಬುದೂ, ‘ದಿಹ್’ ಧಾತುವಿನಿಂದ ಹುಟ್ಟಿದ ನಮ್ಮ ‘ದೇಹ’ವೂ ನಾದಿ ರೂಪಿಸುವುದೆಂಬ ಏಕಮೂಲದಿಂದ ಬಂದವುಗಳು. ‘ಥ್ರೂ’ ಮತ್ತು ‘ಸಮಗ್ರ’ ಎಂಬರ್ಥದ ‘ಥರೋ’ ಒಂದೇ ಪದದ ಎರಡು ಕವಲುಗಳಾಗಿದ್ದು, ಒಂದು ತುದಿಯಿಂದ ಇನ್ನೊಂದರವರೆಗೆ ಹಾಯುವ ಭಾವವೇ ಎರಡನೆಯದರಲ್ಲಿ ಪೂರ್ಣತೆಯಾಗಿ ಪರಿಣಮಿಸಿತು. ಇದಕ್ಕೆ ವಿಪರ್ಯಯವಾಗಿ, ಕೆಸರಿನ ಹಳ್ಳವೆಂಬ ‘ಸ್ಲೌ’ ಮತ್ತು ಹಾವಿನ ಪೊರೆಯೆಂಬ ‘ಸ್ಲಫ್’ ಒಂದೇ ಬರಹವನ್ನು ಧರಿಸಿದ್ದರೂ ಅವುಗಳಿಗೆ ರಕ್ತಸಂಬಂಧವಿಲ್ಲ.

ಬಿಕ್ಕಳಿಕೆಯ ‘ಹಿಕಪ್’ ಈ ಕುಲದಲ್ಲಿ ಜನಿಸಿದುದೇ ಅಲ್ಲ, ಅದೊಂದು ಅನುಕರಣಪದ. ಕೆಮ್ಮಿಗೆ ಸಂಬಂಧಿಸಿರಬಹುದೆಂಬ ಭ್ರಾಂತಿಯಿಂದ ಅದರ ಕೊನೆಗೂ ಕೆಲವರು ಈ ಅಕ್ಷರಗಳನ್ನು ಜೋಡಿಸಿದರು. ಅಮೆರಿಕದವರು ನೇಗಿಲಿನ ಪದವನ್ನು ಓ-ಡಬ್ಲ್ಯು ಎಂದು ಮುಗಿಸಿ ಸರಳಗೊಳಿಸಿದರೂ, ಕೊಂಬೆಯ ಪದವನ್ನು ಅವರೂ ಹಳೆಯ ಬರಹದಲ್ಲಿಯೇ ಉಳಿಸಿಕೊಂಡಿದ್ದಾರೆ.